ಓದಿದ್ದಕ್ಕೆ ಸಹಿ

ಜೂನ್ 3, ಸೋಮವಾರ

ಇವತ್ತು ಮಗಳ ಜೊತೆ ಜಗಳವಾಯಿತು. ಜಗಳವೆಂದರೆ ಕೂಗಾಟವಲ್ಲ, ಈ ಮನೆಯಲ್ಲಿ ಯಾರೂ ಕೂಗುವುದಿಲ್ಲ. ನಾನು ಕೇಳಿದೆ, ಅವಳು ಹಾರಿಕೆಯ ಉತ್ತರ ಕೊಟ್ಟಳು, ನಾನು ಮತ್ತೆ ಕೇಳಿದೆ. ಅಷ್ಟೇ.

ಫೆಬ್ರವರಿಯಲ್ಲಿ ಅವಳ ಪ್ರಯೋಗಾಲಯ ಮುಚ್ಚಿತು. ಹನ್ನೆರಡು ವರ್ಷ ಅಲ್ಲಿ ನೀರು ಪರೀಕ್ಷೆ ಮಾಡಿದವಳು. ಕೆರೆಯ ನೀರು, ಬಾವಿಯ ನೀರು, ನಲ್ಲಿಯ ನೀರು, ಯಾವುದರಲ್ಲಿ ಏನಿದೆ ಎಂದು ಅವಳು ಬರೆದುಕೊಟ್ಟರೆ ಅದೇ ಕೊನೆಯ ಮಾತು. ಅಂಥವಳು ನಾಲ್ಕು ತಿಂಗಳಿಂದ ಹಾಲ್‌ನಲ್ಲಿರುವ ಹಳೆಯ ಕಂಪ್ಯೂಟರ್ ಮುಂದೆ ಕುಳಿತು ಮೇಲ್‌ನಲ್ಲಿ ಅರ್ಜಿ ಕಳಿಸುತ್ತಿದ್ದಾಳೆ. ಈವರೆಗೆ ಇಪ್ಪತ್ತಾರು. ಉತ್ತರ ಒಂದೂ ಇಲ್ಲ. ಅಕ್ಟೋಬರ್ ಹನ್ನೊಂದಕ್ಕೆ ಅವಳಿಗೆ ಮೂವತ್ತೈದು ತುಂಬುತ್ತದೆ. ಆಮೇಲೆ ಅರ್ಜಿ ಹಾಕಲೂ ಬರುವುದಿಲ್ಲ. ವಯಸ್ಸಿನ ಮಿತಿ ಎಲ್ಲ ಕಡೆಯೂ ಅಷ್ಟೇ.

"ಇಪ್ಪತ್ತಾರೂ ತಲುಪಿವೆಯಾ?" ಎಂದೆ.

"ಕಳಿಸಿದ್ಮೇಲೆ ತಲುಪಿರತ್ತೆ ಅಮ್ಮ."

"ತಲುಪಿದ್ದಕ್ಕೆ ಏನೇ ಸಾಕ್ಷಿ?"

"ವಾಪಸ್ ಬಂದಿಲ್ವಲ್ಲ."

ಇದೊಂದು ಉತ್ತರವೇ? ಮೂವತ್ತೊಂದು ವರ್ಷ ನಾನು ಕಾರ್ಖಾನೆಯ ಟಪಾಲು ವಿಭಾಗದಲ್ಲಿದ್ದವಳು. ಬಂದ ಕಾಗದಕ್ಕೆ ಆವಕ ಪುಸ್ತಕ, ಹೋದ ಕಾಗದಕ್ಕೆ ಜಾವಕ ಪುಸ್ತಕ. ಖುದ್ದಾಗಿ ಕೊಡುವ ಮುದ್ದಾಂ ಕಾಗದವಾದರೆ ತೆಗೆದುಕೊಂಡವರ ಸಹಿ, ಪಕ್ಕದಲ್ಲಿ ವೇಳೆ. ಮ್ಯಾನೇಜರೇ ಆಗಲಿ, ಸಹಿ ಹಾಕದೆ ನನ್ನ ಕೈಯಿಂದ ಒಂದು ಚೀಟಿ ತೆಗೆದುಕೊಂಡಿದ್ದಿಲ್ಲ. ಹೈಸ್ಕೂಲು ಓದಿದವಳು ಹೆಡ್ ಕ್ಲಾರ್ಕ್ ಆದದ್ದು ಯಾರ ದಯದಿಂದಲೂ ಅಲ್ಲ. ನನ್ನ ಕಾಲದಲ್ಲಿ ಒಂದೇ ಒಂದು ಕಾಗದ ಕಳೆದಿಲ್ಲ.

ನಿವೃತ್ತಿಯ ದಿನ ತಂದಿಟ್ಟುಕೊಂಡಿದ್ದ ಖಾಲಿ ಜಾವಕ ಪುಸ್ತಕವೊಂದು ಕಪಾಟಿನಲ್ಲಿತ್ತು. ಇದನ್ನು ಅದರಲ್ಲಿಯೇ ಬರೆಯುತ್ತಿದ್ದೇನೆ. ಮನಸ್ಸಿನಲ್ಲಿ ಇಟ್ಟುಕೊಂಡರೆ ಬಾಯಿಗೆ ಬಂದುಬಿಡುತ್ತದೆ.

ಜೂನ್ 5, ಬುಧವಾರ

ಬೀದಿಯ ಕೊನೆಯ ಜೆರಾಕ್ಸ್ ಅಂಗಡಿಯಾಕೆಯನ್ನು ಕೇಳಿದೆ. ನಾನು ಹೇಳಿದ್ದೇ ಸರಿ. ಮೇಲ್‌ಗೂ ಸ್ವೀಕೃತಿ ಇದೆ.

"ಕಳಿಸೋವಾಗ ಒಂದು ಟಿಕ್ ಹಾಕ್ಬೇಕು ಅಕ್ಕ. ಅವ್ರು ತೆಗೆದ ತಕ್ಷಣ ಒಂದು ಚೌಕ ಬರತ್ತೆ. ಕಳಿಸಿದವರು ಸ್ವೀಕೃತಿ ಕೇಳ್ತಿದಾರೆ, ಕೊಡ್ಲಾ ಬೇಡ್ವಾ ಅಂತ. ಅವ್ರು ಹೂಂ ಅಂತ ಒತ್ತಿದ್ರೆ, ಇಷ್ಟು ಹೊತ್ತಿಗೆ ಓದಿದ್ರು ಅಂತ ನಮಗೆ ಬರತ್ತೆ." ಆಮೇಲೆ ಕಾಗದ ಜೋಡಿಸುತ್ತಾ ಅಂದಳು, "ಕೆಲ್ಸ ಕೇಳೋವಾಗ ಹಾಕ್ತಾರೋ ಇಲ್ವೋ ನನಗ್ಗೊತ್ತಿಲ್ಲಪ್ಪ."

ಊಟಕ್ಕೆ ಕುಳಿತಾಗ ಮಗಳಿಗೆ ಹೇಳಿದೆ. ಅವಳು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿದಳು.

"ಅದೊಂದಿದೆ ಅಂತ ನಂಗೂ ಗೊತ್ತು. ಯಾರೂ ಹಾಕಲ್ಲ. ಅದು ಮರ್ಯಾದೆ ಅಲ್ಲ ಅಮ್ಮ. ಕೆಲ್ಸ ಕೇಳೋಳು ನಾನು. ಓದಿದ್ಯೋ ಇಲ್ವೋ ಹೇಳು ಅಂತ ಅವರ ಕುತ್ತಿಗೆ ಪಟ್ಟಿ ಹಿಡಿಯೋಕಾಗತ್ತಾ?"

"ಕಾಗದ ತಗೊಂಡವರು ಸಹಿ ಹಾಕೋದು ಮರ್ಯಾದೆ. ಅದನ್ನ ಕೇಳೋದು ಹೇಗೆ ಅಮರ್ಯಾದೆ ಆಗತ್ತೆ?"

ಇವರು ನಡುವೆ ಬಾಯಿ ಹಾಕಿದರು. "ನನ್ನ ಮದುವೆ ಆಗ್ತೀಯಾ ಅಂತ ಕಾಗದ ಬರೆದಾಗ ನಾನು ನಿನ್ನ ಹತ್ರ ಸಹಿ ಕೇಳಿದ್ನಾ?"

"ನೀವು ಎಲ್ರೀ ಬರೆದಿದ್ದು? ನಿಮ್ಮಕ್ಕ ಮನೆಗೆ ಬಂದು ಕೇಳಿದ್ದು."

"ಅದೇ ಮತ್ತೆ. ಕಳೆದುಹೋದೀತು ಅಂತ ಮುದ್ದಾಂ ಕಳಿಸಿದ್ದೆ."

ಮಗಳು ನಕ್ಕಳು. ಎಷ್ಟೋ ದಿನವಾಗಿತ್ತು ಅವಳು ನಕ್ಕು. ಆ ನಗೆಯಲ್ಲೇ ಮಾತು ತೇಲಿಹೋಯಿತು. ಆದರೆ ನಾನು ಬಿಟ್ಟಿಲ್ಲ.

ಜೂನ್ 11, ಮಂಗಳವಾರ

ಒಪ್ಪಿದಳು. "ನಿನ್ನ ಹಠಕ್ಕೆ" ಎಂದಳು. ಯಾರ ಹಠಕ್ಕಾದರೇನು, ಕೆಲಸ ಕ್ರಮವಾಗಿ ಆಗಬೇಕು.

ಟಿಕ್ ಹಾಕುವ ಜಾಗ ತೋರಿಸಿಕೊಟ್ಟಳು. ಇವತ್ತು ಐದು ಅರ್ಜಿ ಹೋದವು. ಐದಕ್ಕೂ ಟಿಕ್. ಈ ಪುಸ್ತಕದ ಹಿಂಬದಿಯಲ್ಲಿ ಗೆರೆ ಎಳೆದು ಮನೆ ಮಾಡಿ ಬರೆದುಕೊಂಡಿದ್ದೇನೆ: ಕ್ರಮ ಸಂಖ್ಯೆ, ಯಾರಿಗೆ, ಕಳಿಸಿದ ದಿನ, ಓದಿದ ವೇಳೆ, ಷರಾ. ಷರಾ ಎಂಬಲ್ಲಿ ಸದ್ಯ ಏನೂ ಇಲ್ಲ.

ಜೂನ್ 13, ಗುರುವಾರ

ಬಂತು! "ನಿಮ್ಮ ಸಂದೇಶವನ್ನು ಜೂನ್ 13ರಂದು 11.42ಕ್ಕೆ ಓದಲಾಗಿದೆ."

ಮಗಳನ್ನೂ ಇವರನ್ನೂ ಕರೆದು ತೋರಿಸಿದೆ. ಮೂವತ್ತೊಂದು ಅರ್ಜಿಯಲ್ಲಿ ಯಾರೋ ಒಬ್ಬರು ಅವಳ ಹೆಸರನ್ನು ಕಣ್ಣಿಟ್ಟು ಓದಿದ್ದಾರೆ ಎಂಬುದಕ್ಕೆ ಇದೇ ಮೊದಲ ದಾಖಲೆ. ಮಗಳು ಕುರ್ಚಿಯ ಬೆನ್ನು ಹಿಡಿದು ನಿಂತು ಎರಡು ಸಲ ಓದಿದಳು. "ಹನ್ನೊಂದು ನಲವತ್ತೆರಡು" ಎಂದಳು, ಅದೇನೋ ಪರೀಕ್ಷೆಯ ಫಲಿತಾಂಶ ಎಂಬಂತೆ. ಮಧ್ಯಾಹ್ನವೆಲ್ಲ ಫೋನನ್ನು ಕೈಯಲ್ಲೇ ಇಟ್ಟುಕೊಂಡಿದ್ದಳು.

ಜೂನ್ 24, ಸೋಮವಾರ

ಒಂಬತ್ತು ಸ್ವೀಕೃತಿ. ಉತ್ತರ ಸೊನ್ನೆ.

"ಅಮ್ಮ, ಗೊತ್ತಿಲ್ದೇ ಇದ್ದಾಗ್ಲೇ ಚೆನ್ನಾಗಿತ್ತು" ಎಂದಳು ಮಗಳು. ಪಾತ್ರೆ ಒರೆಸುತ್ತಿದ್ದಳು, ತಿರುಗಿ ನೋಡಲಿಲ್ಲ. "ಮೇಲ್ ಎಲ್ಲೋ ಸಿಕ್ಕಾಕ್ಕೊಂಡಿರತ್ತೆ, ಯಾರೋ ನೋಡಿರಲ್ಲ ಅಂದ್ಕೋತಿದ್ದೆ. ಈಗ ನೋಡಿದಾರೆ ಅಂತ ಗೊತ್ತು. ನೋಡಿ, ಬೇಡ ಅಂದಿದಾರೆ. ಅದೂ ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಬೇಡ ಅಂದ್ರು ಅಂತ ನೀನು ಬರೆದಿಟ್ಟಿದೀಯ."

ನಿಜ ತಿಳಿದಿರುವುದು ಯಾವತ್ತೂ ಒಳ್ಳೆಯದು ಎಂದೆ. ನೀರು ಪರೀಕ್ಷೆ ಮಾಡುವವಳಿಗೆ ಇದನ್ನು ನಾನು ಹೇಳಬೇಕೇ?

ಜುಲೈ 2, ಮಂಗಳವಾರ

ಮಗಳು ಫೋನಿನಿಂದ ಮೇಲ್ ತೆಗೆದುಹಾಕಿದ್ದಾಳೆ. ಅದು ಟಿಂಗ್ ಎಂದಾಗಲೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಬೇಕಾಗುತ್ತದಂತೆ. "ಕಂಪ್ಯೂಟರಲ್ಲಿ ನೀನೇ ನೋಡ್ಕೋ. ಅರ್ಜಿ ನಾನು ಬರೀತೀನಿ, ಬಂದಿದ್ದು ಹೋಗಿದ್ದು ನಿಂದು. ಏನಾದ್ರೂ ಬಂದ್ರೆ ಹೇಳು."

ಅಂತೂ ಮನೆಯ ಟಪಾಲು ನನ್ನ ಕೈಗೆ ಬಂತು. ಬೆಳಿಗ್ಗೆ ಹತ್ತಕ್ಕೆ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಒಮ್ಮೆ ತೆರೆಯುತ್ತೇನೆ. ಕನ್ನಡಕದ ಗಾಜು ಬದಲಾಯಿಸಬೇಕು.

"ಹೆಡ್ ಕ್ಲಾರ್ಕಮ್ಮನಿಗೆ ಮತ್ತೆ ಡ್ಯೂಟಿ ಸಿಕ್ತು. ಕೆಲಸ ಹುಡುಕಿದ್ದು ಮಗಳು, ಸೇರಿದ್ದು ತಾಯಿ" ಎಂದು ಇವರು ಹಾಸ್ಯ ಮಾಡಿದರು. ಮಗಳು ಕೇಳಿಸಿಕೊಂಡಳು. ಇವರಿಗೆ ಯಾವ ಹೊತ್ತಿಗೆ ಬಾಯಿ ಮುಚ್ಚಿಕೊಳ್ಳಬೇಕು ಎಂಬುದು ಅರವತ್ತಾರು ವರ್ಷವಾದರೂ ಗೊತ್ತಾಗಲಿಲ್ಲ.

ಜುಲೈ 10, ಬುಧವಾರ

ಈಗ ಉತ್ತರಗಳೂ ಬರುತ್ತಿವೆ. ಎಲ್ಲವೂ ಒಂದೇ ಅಚ್ಚು. "ನಿಮ್ಮ ಅರ್ಜಿಗೆ ಧನ್ಯವಾದಗಳು. ಅನೇಕ ಅರ್ಜಿಗಳು ಬಂದಿದ್ದವು." ಅಷ್ಟು ಓದಿದರೆ ಮುಂದಿನದು ತಾನಾಗಿ ತಿಳಿಯುತ್ತದೆ. ಒಳ್ಳೆಯ ಸುದ್ದಿ ಇರುವವರು ಧನ್ಯವಾದ ಹೇಳುತ್ತಾ ಕೂರುವುದಿಲ್ಲ.

ಮೊದಲ ನಾಲ್ಕನ್ನು ಮಗಳಿಗೆ ಓದಿ ಹೇಳಿದೆ. ನಾಲ್ಕನೆಯದರಲ್ಲಿ ಅವಳು, "ಸಾಕು ಅಮ್ಮ, ಎದ್ದು ಹೋಗ್ತೀನಿ" ಎಂದಳು, ಆದರೆ ಏಳಲಿಲ್ಲ. ಅಲ್ಲೇ ಕುಳಿತಿದ್ದಳು, ಗೋಡೆಯ ಸ್ವಿಚ್ಚನ್ನು ನೋಡುತ್ತಾ. ಅದಕ್ಕೇ ಇನ್ನು ಮೇಲೆ ಅಂಥವನ್ನು ಹೇಳುವುದಿಲ್ಲ. "ಇತರೆ" ಎಂದು ಒಂದು ಫೋಲ್ಡರ್ ಮಾಡಲು ಜೆರಾಕ್ಸ್ ಅಂಗಡಿಯಾಕೆ ಕಲಿಸಿದಳು. ಧನ್ಯವಾದಗಳೆಲ್ಲ ಅಲ್ಲಿಗೆ.

ಕಾರ್ಖಾನೆಯಲ್ಲಿ ಇನ್ನೊಬ್ಬರ ಕಾಗದವನ್ನು ತಡೆಹಿಡಿದವರನ್ನು ನಾನೇ ಮೆಮೊ ಕೊಡಿಸಿ ಮನೆಗೆ ಕಳಿಸಿದ್ದುಂಟು. ಇದು ಬೇರೆ. ಅವಳು ನನ್ನ ಮಗಳು.

ಜುಲೈ 15, ಸೋಮವಾರ

ನಮ್ಮ ಊರಿನ ನೀರು ಸರಬರಾಜು ಕಚೇರಿಯ ಪ್ರಯೋಗಾಲಯದಲ್ಲೇ ಒಂದು ಜಾಗ ಖಾಲಿ ಇದೆ. ಮನೆಯಿಂದ ಇಪ್ಪತ್ತು ನಿಮಿಷ. ಅವಳು ಮಾಡಿದ ಕೆಲಸವೇ, ಅಕ್ಷರಕ್ಕೆ ಅಕ್ಷರ. ಮಗಳು ಮೂರು ದಿನ ಕುಳಿತು ಆ ಅರ್ಜಿ ಬರೆದಳು. ಬರೆಯುವಾಗ ತುಟಿ ಕಚ್ಚಿಕೊಳ್ಳುತ್ತಾಳೆ, ಹೈಸ್ಕೂಲಿನಲ್ಲಿ ಲೆಕ್ಕ ಮಾಡುವಾಗಲೂ ಹಾಗೇ.

"ಇದಾಗ್ಲಿಲ್ಲಾಂದ್ರೆ ಇನ್ನಿಲ್ಲ ಅಮ್ಮ. ಅಕ್ಟೋಬರ್ ಒಳಗೆ ಇಂಥದ್ದು ಇನ್ನೊಂದು ಬರಲ್ಲ."

"ಟಿಕ್ ಹಾಕ್ಲಾ?"

ಬೇಡವೆನ್ನಲಿಲ್ಲ. ಹಾಕಿದೆ.

ಜುಲೈ 16, ಮಂಗಳವಾರ

ಬೆಳಿಗ್ಗೆ ಹತ್ತಕ್ಕೆ ತೆರೆದಾಗ ಏಳು ಸ್ವೀಕೃತಿಗಳು ಒಟ್ಟಿಗೆ ಬಂದಿದ್ದವು. ಏಳೂ ಒಂದೇ ದೊಡ್ಡ ಸಂಸ್ಥೆಯಿಂದ. ಅದರ ಬೇರೆ ಬೇರೆ ಜಾಗಗಳಿಗೆ ಅವಳು ಕಳಿಸಿದ್ದ ಏಳು ಅರ್ಜಿಗಳವು. ಖುಷಿಯಿಂದ ಕನ್ನಡಕ ಹಾಕಿಕೊಂಡೆ.

"ನಿಮ್ಮ ಸಂದೇಶವನ್ನು ಓದದೆಯೇ ಅಳಿಸಲಾಗಿದೆ." 9.16, 9.16, 9.16. ಏಳೂ 9.16.

ಹೀಗೂ ಒಂದು ಸ್ವೀಕೃತಿ ಇದೆಯೆಂದು ನನಗೆ ಯಾರೂ ಹೇಳಿರಲಿಲ್ಲ. ನಾನು ಗೆರೆ ಎಳೆದಿದ್ದ ಪುಟದಲ್ಲಿ ಇದಕ್ಕೆ ಜಾಗವೇ ಇಲ್ಲ.

ಬೆನ್ನ ಹಿಂದೆ ಮಗಳು ಬಂದು ನಿಂತಳು. ಅವಳಿಗೆ ಕಾಣುವ ಮೊದಲೇ ಪರದೆ ಮುಚ್ಚಿ, ಪುಸ್ತಕದಲ್ಲಿ ಏಳು ಕಡೆ "ಓದಿದೆ" ಎಂದು ಬರೆದೆ.

ಜುಲೈ 19, ಶುಕ್ರವಾರ

ಮಗಳ ಹಳೆಯ ಪ್ರಯೋಗಾಲಯದ ಹಿರಿಯ ಸಹೋದ್ಯೋಗಿ ಫೋನ್ ಮಾಡಿದ್ದರು. ಒಳ್ಳೆಯವರು, ಒಳ್ಳೆಯದಕ್ಕೇ ಹೇಳಿದರಂತೆ. ಅವರೀಗ ಸೇರಿರುವ ಕಡೆ, ಮಗಳ ಅರ್ಜಿ ಬಂದಾಗ ನಾಲ್ಕು ಜನ ಸೇರಿ ನಕ್ಕರಂತೆ. "ಸಹಿ ಕೇಳೋ ಹುಡುಗಿ" ಎಂದು ಹೆಸರಿಟ್ಟಿದ್ದಾರಂತೆ. ಬೇರೆ ಒಂದು ಕಡೆಯೂ ಆ ಹೆಸರು ತಲುಪಿದೆಯಂತೆ.

ಮಗಳು ಬಂದು ನನ್ನ ಎದುರು ಕುಳಿತಳು. ಧ್ವನಿ ಏರಿಸಲಿಲ್ಲ. ಏರಿಸಿದ್ದರೆ ವಾಸಿಯಿತ್ತು.

"ಹನ್ನೆರಡು ವರ್ಷದಲ್ಲಿ ನನ್ನ ಒಂದು ರಿಪೋರ್ಟ್ ತಪ್ಪಾಗಿಲ್ಲ. ಅದನ್ನ ಯಾರೂ ನೋಡ್ಲಿಲ್ಲ. ನೀನು ಹಾಕಿದ ಟಿಕ್ ಮಾತ್ರ ಎಲ್ಲರಿಗೂ ಕಾಣಿಸ್ತು."

"ನಗೋರು ಯಾವಾಗ್ಲೂ ನಗ್ತಾರೆ. ಅಂಥವರ ಕೈ ಕೆಳಗೆ ಕೆಲಸ ಬೇಕಾ ನಿನಗೆ?"

"ಹೂಂ. ಬೇಕು."

ಇನ್ನು ಮೇಲೆ ಟಿಕ್ ಹಾಕಬೇಡ ಎಂದಳು. ಸರಿ ಎಂದೆ. ಆದರೆ ಹಾಕಲು ಹೊಸ ಅರ್ಜಿಯೇ ಇಲ್ಲ. ಅವಳು ಬರೆಯುವುದನ್ನೇ ನಿಲ್ಲಿಸಿದ್ದಾಳೆ. ನೀರು ಸರಬರಾಜಿನವರದ್ದೊಂದು ಉಳಿದಿದೆ.

ಜುಲೈ 29, ಸೋಮವಾರ

ಹಗಲೆಲ್ಲ ಮಲಗಿರುತ್ತಾಳೆ. ಇವರು ಚಹಾ ತೆಗೆದುಕೊಂಡು ಹೋಗಿ ಬಾಗಿಲ ಬಳಿ ನಿಂತು, "ಪುಟ್ಟಿ, ಈ ನೀರು ಪರೀಕ್ಷೆ ಮಾಡಿಕೊಡಮ್ಮ, ಚಹಾನೋ ಅಲ್ವೋ ನೋಡು" ಎಂದರು. ಒಳಗಿನಿಂದ "ಇಟ್ಟು ಹೋಗಪ್ಪ" ಎಂಬಷ್ಟೇ ಬಂತು. ಇವರು ಲೋಟವನ್ನು ನೆಲದ ಮೇಲಿಟ್ಟು, ಅಲ್ಲೇ ಸ್ವಲ್ಪ ಹೊತ್ತು ನಿಂತಿದ್ದರು.

ಹಾಸಿಗೆ ಬಿಟ್ಟೇಳು ಎಂದು ಗದರೋಣ ಎನ್ನಿಸಿತು. ನನ್ನ ತಾಯಿಯಾಗಿದ್ದರೆ ನೀರು ಎರಚುತ್ತಿದ್ದಳು. ನಾನು ಒಳಗೆ ಹೋಗಿ ಕಿಟಕಿಯ ಪರದೆ ಎಳೆದು ಬಂದೆ, ಬಿಸಿಲು ಮುಖಕ್ಕೆ ಬೀಳುತ್ತಿತ್ತು.

ಆಗಸ್ಟ್ 6, ಮಂಗಳವಾರ

ಇವತ್ತು ಒಂದು ವಿಶೇಷ. ಹತ್ತು ಗಂಟೆಯ ಟಪಾಲು ನೋಡುವಾಗ ನೀರು ಸರಬರಾಜು ಕಚೇರಿಯ ಮೇಲ್ ಬಂದಿತ್ತು. ಒತ್ತಿದೆ, ಪರದೆಯ ನಡುವೆ ಒಂದು ಚೌಕ ಎದ್ದಿತು. "ಕಳಿಸಿದವರು ಸ್ವೀಕೃತಿ ಕೇಳಿದ್ದಾರೆ. ಕಳಿಸಬಹುದೇ?" ನಾವು ಊರಿಗೆಲ್ಲ ಕೇಳಿದ್ದನ್ನು ಒಬ್ಬರು ನಮ್ಮನ್ನು ಕೇಳಿದ್ದಾರೆ. ಕಾಗದ ಕೊಟ್ಟು ಸಹಿ ಕೇಳುವವರು ಇನ್ನೂ ಇದ್ದಾರಲ್ಲ ಎಂದು ಮನಸ್ಸು ತುಂಬಿ ಬಂತು. ಹೌದು ಎಂದು ಒತ್ತಿದೆ. ಗಡಿಯಾರ ನೋಡಿದೆ, ಹತ್ತು ಇಪ್ಪತ್ತು. ಎಷ್ಟೋ ವರ್ಷದ ಮೇಲೆ ಸಹಿ ಹಾಕಿದ ಹಾಗಾಯಿತು.

ಚೌಕ ಹೋಗಿ ಕಾಗದ ತೆರೆಯಿತು. "ನಿಮ್ಮ ಅರ್ಜಿಗೆ ಧನ್ಯವಾದಗಳು. ಈ ಹುದ್ದೆಗೆ ಅನೇಕ ಅರ್ಜಿಗಳು ಬಂದಿದ್ದವು."

ಅಲ್ಲಿಗೆ ಅದೂ ಮುಗಿಯಿತು. ಮರ್ಯಾದೆ ಬಲ್ಲವರು, ಆದರೂ ಬೇಡವೆಂದರು. "ಇತರೆ"ಗೆ ಹಾಕಿ ಕಂಪ್ಯೂಟರ್ ಮುಚ್ಚಿದೆ. ಪಕ್ಕದ ಕೋಣೆಯಲ್ಲಿ ಅವಳು ಮಲಗಿದ್ದಳು. ಅವಳಿಗೆ ಇದನ್ನು ಹೇಗೆ ಹೇಳಲಿ? ಹೇಳುವುದಿಲ್ಲ. ಅಕ್ಟೋಬರ್‌ವರೆಗೆ ಕಾಯುವುದಕ್ಕಾದರೂ ಒಂದು ಇರಲಿ.

ಆಗಸ್ಟ್ 9, ಶುಕ್ರವಾರ

ಮಗಳು ಎದ್ದು ತನ್ನ ಬಿಳಿ ಕೋಟು ಒಗೆದು, ಇಸ್ತ್ರಿ ಮಾಡಿ, ಬಾಗಿಲ ಹಿಂದೆ ತೂಗುಹಾಕಿದಳು.

"ನೀರಿನೋರದ್ದೇನಾದ್ರೂ ಬಂತಾ ಅಮ್ಮ?"

"ಇಲ್ಲ."

"ಕರೆದ್ರೆ ಇರ್ಲಿ ಅಂತ" ಎಂದಳು, ಕೋಟಿನ ಗುಂಡಿ ಹಾಕುತ್ತಾ.

ಆಗಸ್ಟ್ 14, ಬುಧವಾರ

ಮಗಳು ತಂದೆಯ ಜೊತೆ ನಡೆದಾಡಿ ಬಂದಳು. ಬೆಳಿಗ್ಗೆ ಹತ್ತಕ್ಕೆ ಹೋಗಿ ಹನ್ನೊಂದೂವರೆಗೆ ಬಂದರು. ಮುಖ ಸ್ವಲ್ಪ ಕಳೆಯಾಗಿದೆ. ಬೇರೆ ವಿಶೇಷವಿಲ್ಲ.

ಆಗಸ್ಟ್ 20, ಮಂಗಳವಾರ

ಕೆಳಗಿನದು ಇವತ್ತು ಬಂದ ಪತ್ರ. ಅಕ್ಷರ ಬಿಡದೆ ನಕಲು ಮಾಡಿದ್ದೇನೆ.

"ಆಗಸ್ಟ್ 14ರಂದು ಬೆಳಿಗ್ಗೆ ಹತ್ತು ಗಂಟೆಗೆ ಸಂದರ್ಶನಕ್ಕೆ ಹಾಜರಾಗುವಂತೆ ನಿಮಗೆ ತಿಳಿಸಲಾಗಿತ್ತು. ಸದರಿ ಪತ್ರವನ್ನು ನೀವು ಆಗಸ್ಟ್ 6ರಂದು ಬೆಳಿಗ್ಗೆ 10.20ಕ್ಕೆ ಓದಿರುವ ಬಗ್ಗೆ ಸ್ವೀಕೃತಿ ನಮ್ಮಲ್ಲಿದೆ. ನೀವು ಹಾಜರಾಗದ ಕಾರಣ, ಪಟ್ಟಿಯಲ್ಲಿ ಮುಂದಿನವರನ್ನು ಆಯ್ಕೆ ಮಾಡಲಾಗಿದೆ."

"ಇತರೆ" ತೆರೆದೆ. ಆರನೆಯ ತಾರೀಕಿನ ಪತ್ರವನ್ನು ಈಗ ಕೊನೆಯವರೆಗೆ ಓದಿದೆ. ಧನ್ಯವಾದಗಳು. ಅನೇಕ ಅರ್ಜಿಗಳು ಬಂದಿದ್ದವು. ಅವುಗಳಲ್ಲಿ ನಿಮ್ಮದು ಸೇರಿ ಹನ್ನೊಂದು ಅರ್ಜಿಗಳನ್ನು ಆರಿಸಿದ್ದೇವೆ.

ಮೂರನೆಯ ಸಾಲು. ನಾನು ಎರಡನೆಯ ಸಾಲಿಗೇ ನಿಲ್ಲಿಸಿದ್ದೆ.

ಆಗಸ್ಟ್ 21, ಬುಧವಾರ

ಬೇಲಿಯೇ ಎದ್ದು ಹೊಲ ಮೇಯಿತು.

ಆಗಸ್ಟ್ 22, ಗುರುವಾರ

ಆಫೀಸಿಗೆ ಹೋಗುತ್ತಿದ್ದಾಗ ಉಡುತ್ತಿದ್ದ ಬೂದು ಬಣ್ಣದ ಸೀರೆ ಉಟ್ಟು ಹೋದೆ. ಇವರಿಗೆ ಕನ್ನಡಕದ ಅಂಗಡಿಗೆ ಎಂದು ಹೇಳಿದೆ.

ನೀರು ಸರಬರಾಜು ಕಚೇರಿಯ ಮೂರನೆಯ ಮಹಡಿ. ಮೆಟ್ಟಿಲಲ್ಲೇ ಬ್ಲೀಚಿಂಗ್ ಪುಡಿಯ ವಾಸನೆ, ಮಗಳು ಹನ್ನೆರಡು ವರ್ಷ ಮನೆಗೆ ತರುತ್ತಿದ್ದ ವಾಸನೆ. ಕಿಟಕಿಯ ಉದ್ದಕ್ಕೂ ಚೀಟಿ ಅಂಟಿಸಿದ ಬಾಟಲಿಗಳು. ಮೇಜಿನ ಹಿಂದೆ ನಲವತ್ತರ ಹರೆಯದ ಅಧಿಕಾರಿ, ಕನ್ನಡಕ ತಲೆಯ ಮೇಲೆ.

"ಕೂತ್ಕೊಳ್ಳಿ ಅಮ್ಮಾ. ಏನಾಗ್ಬೇಕಿತ್ತು?"

"ನಿಂತೇ ಹೇಳ್ತೀನಿ. ಆರನೇ ತಾರೀಕು ಹತ್ತು ಇಪ್ಪತ್ತಕ್ಕೆ ನಿಮಗೊಂದು ಸ್ವೀಕೃತಿ ಬಂತಲ್ಲ, ಅದು ನನ್ನ ಮಗಳು ಕೊಟ್ಟಿದ್ದಲ್ಲ. ನಾನು ಕೊಟ್ಟಿದ್ದು. ಅವಳಿಗೆ ನಿಮ್ಮ ಕಾಗದ ಬಂದಿದ್ದೇ ಇವತ್ತಿಗೂ ಗೊತ್ತಿಲ್ಲ."

ಆಕೆ ಕಂಪ್ಯೂಟರ್‌ನಲ್ಲಿ ಹುಡುಕಿ, ಕನ್ನಡಕ ಇಳಿಸಿಕೊಂಡು ನನ್ನನ್ನು ನೋಡಿದರು. "ನೀವು ಓದಿ, ಅವರಿಗೆ ಹೇಳೋದು ಮರೆತ್ರಾ?"

"ಓದ್ಲಿಲ್ಲ. ಓದಿದೀನಿ ಅಂತ ಒತ್ತಿದೆ."

ಆಕೆ ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. "ಛೆ" ಎಂದರು, ಮಗುವಿನ ಕೈಯಿಂದ ಏನೋ ಬಿದ್ದರೆ ಅನ್ನುವ ಹಾಗೆ. "ನಾಲ್ಕು ಜನರಿಂದ ಸ್ವೀಕೃತಿ ಬಂದಿರ್ಲಿಲ್ಲ ಅಮ್ಮಾ. ಅವರಿಗೆಲ್ಲ ನಾನೇ ಕೂತು ಫೋನ್ ಮಾಡಿ ಹೇಳ್ದೆ. ಇವರು ಓದಿದಾರೆ ಅಂತ ಇತ್ತಲ್ಲ, ಅದಕ್ಕೇ ಮಾಡ್ಲಿಲ್ಲ."

"ನಾನು ಒತ್ತದೇ ಇದ್ದಿದ್ರೆ?"

"ಫೋನ್ ಮಾಡ್ತಿದ್ದೆ."

ಆಗ ಕುಳಿತೆ.

"ಎಲ್ಲಾ ಕಾಗದಕ್ಕೂ ನೀವು ಸ್ವೀಕೃತಿ ಕೇಳ್ತೀರಾ?" ಎಂದು ಕೇಳಿದೆ. ಯಾಕೆ ಕೇಳಿದೆನೋ.

"ಮುಂಚೆ ಕೇಳ್ತಿರ್ಲಿಲ್ಲ. ನಿಮ್ಮ ಮಗಳ ಅರ್ಜೀಲಿ ಕೇಳಿತ್ತು ನೋಡಿ. ನಮ್ಮ ದೊಡ್ಡ ಸಾಹೇಬರು ಅದನ್ನ ನೋಡಿ, ಕಳಿಸಿದ್ದು ಮುಟ್ತಾ ಅಂತ ವಿಚಾರಿಸೋಳೇ ಪ್ರಯೋಗಾಲಯಕ್ಕೆ ಬೇಕಾದೋಳು, ಒಳ್ಳೇ ಕ್ರಮ, ನಾವೂ ಹಾಕೋಣ ಅಂದ್ರು. ಪಟ್ಟೀಲಿ ಮೊದಲನೇ ಹೆಸರು ಅವರದ್ದೇ ಬರೆದಿದ್ರು. ಬಂದು ಎದುರಿಗೆ ಕೂತಿದ್ರೆ ಸಾಕಿತ್ತು."

ಹೊಸಬರು ಸೇರಿಯಾಯಿತೇ ಎಂದೆ. ನಿನ್ನೆ ಸೇರಿದರು ಎಂದರು. ಗಾಜಿನ ಗೋಡೆಯಾಚೆ ಒಬ್ಬ ಹುಡುಗಿ ಬಿಳಿ ಕೋಟು ಹಾಕಿಕೊಂಡು, ಸಣ್ಣ ಕೊಳವೆಯೊಂದನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಮೆಟ್ಟಿಲು ಇಳಿಯುವುದು ಸುಲಭವಾಗುತ್ತಿತ್ತೇನೋ.

ಆಗಸ್ಟ್ 24, ಶನಿವಾರ

ಇವರಿಗೆ ಹೇಳಿದೆ. ಹಿತ್ತಲಿನ ಕಟ್ಟೆಯ ಮೇಲೆ ಕುಳಿತು ಪೂರ್ತಿ ಹೇಳಿದೆ. ಇವರು ಹಾಸ್ಯ ಮಾಡಲಿಲ್ಲ.

"ಹದಿನಾಲ್ಕನೇ ತಾರೀಕು ಬೆಳಿಗ್ಗೆ ಹತ್ತಕ್ಕೆ" ಎಂದರು, "ನಾನು ಅವಳನ್ನ ಆ ಕಚೇರಿ ಮುಂದಿನ ರಸ್ತೇಲೇ ಕರ್ಕೊಂಡು ಹೋಗಿದ್ದೆ ಕಣೇ. ಇದೇ ನೋಡಪ್ಪ, ಇಲ್ಲಿಂದಾನೇ ಕಾಗದ ಬರ್ಬೇಕು ಅಂದ್ಲು. ಒಂದು ನಿಮಿಷ ನಿಂತಿದ್ವಿ."

ಆಮೇಲೆ, "ನಾನು ಹೇಳ್ಲಾ ಅವಳಿಗೆ?" ಎಂದರು.

"ಬೇಡ. ನನ್ನ ಕೈಯಿಂದ ಹೋಗಬೇಕಾದ್ದು."

"ಹಂಗಂತ ಯಾವಾಗ?"

ಕಟ್ಟೆಯಿಂದ ಎದ್ದು ಒಳಗೆ ಬಂದೆ. ಎದುರು ನಿಂತು ಹೇಳಲು ಹೋದರೆ ನನ್ನ ಬಾಯಿ ನನ್ನನ್ನೇ ಸಮರ್ಥಿಸಿಕೊಳ್ಳುತ್ತದೆ. ಅದರ ಅಭ್ಯಾಸ ನನಗೆ ಗೊತ್ತು.

ಆಗಸ್ಟ್ 26, ಸೋಮವಾರ

ಕಾಗದ ಬರೆದೆ. ಮೂರು ಸಲ.

ಮೊದಲನೆಯದು ನಾಲ್ಕು ಪುಟವಾಯಿತು. ಅದರಲ್ಲಿ ಎರಡು ಪುಟ, ಅವಳಿಗೆ ನೋವಾಗಬಾರದೆಂದು ನಾನು ಏನೇನು ಮಾಡಿದೆ ಎಂಬುದೇ. ಹರಿದೆ. ಎರಡನೆಯದು ಒಂದೂವರೆ ಪುಟ. ಅದರಲ್ಲಿ ದೊಡ್ಡ ಸಾಹೇಬರು ಹೇಳಿದ ಮಾತಿತ್ತು: ಟಿಕ್ ಹಾಕಿದ್ದು ಒಳ್ಳೆಯ ಕ್ರಮ ಎಂದರು, ಅದಕ್ಕೇ ನಿನ್ನ ಹೆಸರು ಮೊದಲು ಬರೆದರು ಎಂದು. ಓದಿ ನೋಡಿದೆ. ಅದರಿಂದ ಅವಳಿಗೆ ಏನು ಉಪಯೋಗ? ಅದನ್ನೂ ಹರಿದೆ.

ಮೂರನೆಯದು ಒಂದೇ ಪುಟ. ಆರನೆಯ ತಾರೀಕು ನೀನು ಮಲಗಿದ್ದಾಗ ಸಂದರ್ಶನದ ಪತ್ರ ಬಂತು. ಓದದೆ, ಓದಿದ್ದೇನೆ ಎಂದು ನಿನ್ನ ಹೆಸರಿನಲ್ಲಿ ಸಹಿ ಹಾಕಿದೆ. ಹಾಕದೆ ಇದ್ದಿದ್ದರೆ ಅವರು ನಿನಗೆ ಫೋನ್ ಮಾಡುತ್ತಿದ್ದರು. ಒಂಬತ್ತನೆಯ ತಾರೀಕು ನೀನು ಕೇಳಿದಾಗ ಸುಳ್ಳು ಹೇಳಿದೆ. ಜುಲೈ ಹದಿನಾರರ ಏಳು ಅ‌ರ್ಜಿಗಳನ್ನು ಯಾರೂ ಓದಿರಲಿಲ್ಲ, ನಾನು ಓದಿದ್ದಾರೆಂದು ಬರೆದೆ. ಆ ಕೆಲಸಕ್ಕೆ ಬೇರೆಯವರು ಸೇರಿದ್ದಾರೆ, ನಾನು ಹೋಗಿ ಕೇಳಿ ಬಂದೆ. ಇಷ್ಟೇ. ಕೊನೆಯಲ್ಲಿ ಏನು ಬರೆಯಬೇಕೆಂದು ತಿಳಿಯದೆ "ಅಮ್ಮ" ಎಂದು ಬರೆದೆ.

ಹನ್ನೊಂದು ಗಂಟೆಗೆ ಅವಳ ಕೋಣೆಗೆ ಹೋದೆ. ತಲೆ ಬಾಚಿಕೊಳ್ಳುತ್ತಿದ್ದಳು. ಬಾಗಿಲ ಹಿಂದೆ ಬಿಳಿ ಕೋಟು.

"ಏನಮ್ಮ ಇದು?"

"ನಿನಗೆ" ಎಂದು ಕೊಟ್ಟೆ. ಹೊರಗೆ ಬಂದು ಬಾಗಿಲು ಎಳೆದುಕೊಂಡೆ.

ಈಗ ಹಾಲ್‌ನಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಒಳಗೆ ಬಾಚಣಿಗೆ ಮೇಜಿನ ಮೇಲಿಟ್ಟ ಸದ್ದು ಕೇಳಿತು. ಆಮೇಲೆ ಏನೂ ಕೇಳಲಿಲ್ಲ. ಒಂದು ಪುಟ, ದೊಡ್ಡ ಅಕ್ಷರ. ಎರಡು ನಿಮಿಷ ಸಾಕು. ಹನ್ನೊಂದೂವರೆ ಆಯಿತು. ಹನ್ನೆರಡಾಯಿತು. ಮಂಚದ ಸದ್ದಿಲ್ಲ, ಅಳುವಿಲ್ಲ. ಕಾಗದ ಬಿಡಿಸಿದಳೋ, ಹಾಗೇ ಇಟ್ಟುಕೊಂಡು ಕುಳಿತಿದ್ದಾಳೋ. ನಾನು ಮೂರು ಸಲ ಎದ್ದು ಬಾಗಿಲವರೆಗೆ ಹೋಗಿ ಬಂದೆ.

ಇವರು ಹಿತ್ತಲಿನಿಂದ ಬಂದು, ಬಾಗಿಲು ನೋಡಿ, ನನ್ನನ್ನು ನೋಡಿ, ಪಿಸುಗುಟ್ಟಿದರು, "ಓದಿದ್ಲಾ?"

"ಹಾಗೆಲ್ಲ ಕೇಳಬಾರದು ಕಣ್ರೀ" ಎಂದೆ.

ಹನ್ನೆರಡೂ ಕಾಲು. ಬಾಗಿಲು ಇನ್ನೂ ತೆಗೆದಿಲ್ಲ.